ಮಂಚದ ಮೇಲೆ ನಿಂತವಳು

ನಮ್ಮ ಕಚೇರಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಟಿಪ್ಪಣಿ ಮೇಡಂ ಎಂದರೆ ಅವರೇ. ನಾಟಕ, ನೃತ್ಯ, ಸಿನಿಮಾ ಎಂದು ಸರ್ಕಾರದ ಸಹಾಯ ಕೇಳಿ ಕಲಾ ಮಂಡಳಿಗೆ ಬರುವ ಅರ್ಜಿಗಳನ್ನೆಲ್ಲ ಮೊದಲು ಓದಿ, ಒಂದು ಪುಟದ ಟಿಪ್ಪಣಿ ಬರೆದು ಸಮಿತಿಗೆ ಕಳಿಸುವುದು ಅವರ ಕೆಲಸ. ಇಪ್ಪತ್ತೊಂಬತ್ತು ವರ್ಷ ಅದನ್ನೇ ಮಾಡಿದರು. ಸಮಿತಿಯ ಸದಸ್ಯರು ಬರುತ್ತಿದ್ದರು, ಹೋಗುತ್ತಿದ್ದರು. ಅವರಲ್ಲಿ ಹೆಚ್ಚಿನವರು ಟಿಪ್ಪಣಿಯ ಕೊನೆಯ ಸಾಲು ನೋಡಿ ಸಹಿ ಹಾಕುವವರು. ಆ ಸಾಲಿನಲ್ಲಿ ಮೇಡಂ ‘ಶಿಫಾರಸು’ ಎಂದು ಬರೆದಿದ್ದರೆ ಎಲ್ಲೋ ಒಂದು ನಾಟಕದ ಪರದೆ ಏಳುತ್ತಿತ್ತು, ಬರೆಯದಿದ್ದರೆ ಇಲ್ಲ. ಇಷ್ಟು ದೊಡ್ಡ ಅಧಿಕಾರ ತಮ್ಮ ಕೈಯಲ್ಲಿದೆ ಎಂಬುದು ಅವರಿಗೆ ಹೊಳೆದಿತ್ತೋ ಇಲ್ಲವೋ. ಚಪ್ಪಲಿ ಕಳಚಿ, ಮೇಜಿನ ಕೆಳಗಿನ ಖಾನೆಯನ್ನು ಅರ್ಧ ಎಳೆದು ಅದರ ಮೇಲೆ ಕಾಲಿಟ್ಟುಕೊಂಡು ಓದುತ್ತ ಕೂತರೆ ಊಟದ ಹೊತ್ತಾದದ್ದನ್ನೂ ನಾನೇ ಹೇಳಬೇಕಿತ್ತು.

ನಾನು ಪಕ್ಕದ ಮೇಜಿನ ಟೈಪಿಸ್ಟ್. ಅವರಿಗಿಂತ ಇಪ್ಪತ್ತು ವರ್ಷಕ್ಕೆ ಚಿಕ್ಕವಳು. ಅವರ ಕೈಬರಹವನ್ನು ನನ್ನಷ್ಟು ಚೆನ್ನಾಗಿ ಓದಬಲ್ಲವರು ಯಾರೂ ಇರಲಿಲ್ಲ.

‘ಮಂಚದ ಕಾಲು’ ಎಂಬ ಚಿತ್ರಕಥೆ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಅವತ್ತು ಮೇಡಂ ಎರಡು ಸಲ ಎದ್ದು ಹೊರಗೆ ಹೋದರು. ಎರಡನೆಯ ಸಲ ನಾನು ಹಿಂದೆ ಹೋದೆ. ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ಹಣೆ ಒತ್ತಿ ನಿಂತಿದ್ದರು, ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೆ ಎಂದುಕೊಂಡೆ. ಅವರು ನಗುತ್ತಿದ್ದರು. ಗಂಡ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಅವರು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕಥೆ ಇಷ್ಟು: ಮದುವೆಯಾಗಿ ಇಪ್ಪತ್ತಾರು ವರ್ಷವಾದ ಗಂಡ ಹೆಂಡತಿ. ಮಕ್ಕಳು ಮನೆ ಬಿಟ್ಟ ಮೇಲೆ ಹೆಂಡತಿಗೆ ಹಳೆಯ ಪುಸ್ತಕದಂಗಡಿಯಲ್ಲಿ ದಾಂಪತ್ಯ ಸುಖದ ಪಾಠ ಹೇಳುವ ಪುಸ್ತಕವೊಂದು ಸಿಗುತ್ತದೆ. ಇಬ್ಬರೂ ಪರೀಕ್ಷೆಗೆ ಕೂತವರ ಹಾಗೆ ಒಂದೊಂದೇ ಅಧ್ಯಾಯ ಹಿಡಿಯುತ್ತಾರೆ. ಮೂರನೆಯದಕ್ಕೆ ಗಂಡನ ಸೊಂಟ ಹಿಡಿದುಕೊಳ್ಳುತ್ತದೆ. ನಾಲ್ಕನೆಯದಕ್ಕೆ ಮಂಚದ ಕಾಲು ಮುರಿಯುತ್ತದೆ. ಸದ್ದು ಕೇಳಿ ಕೆಳಗಿನ ಮನೆಯ ಬಡಗಿ ಸುತ್ತಿಗೆ ಹಿಡಿದು ಮೇಲೆ ಬಂದು, ರಿಪೇರಿ ಮಾಡಿ, ಚಹಾ ಕುಡಿದು, ಹೋಗುವಾಗ ಆ ಪುಸ್ತಕವನ್ನೇ ಎರಡು ದಿನಕ್ಕೆ ಎರವಲು ಕೇಳುತ್ತಾನೆ.

ಬರೆದವಳು ಮೂವತ್ತು ದಾಟದ ಹುಡುಗಿ, ಅವಳೇ ನಿರ್ದೇಶಕಿ. ಹೆಂಡತಿಯ ಪಾತ್ರಕ್ಕೆ ನಟಿಯರನ್ನು ಹುಡುಕದೆ, ಒಂದು ಹೋಟೆಲಿನ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಹಾಕುತ್ತಿದ್ದ ಐವತ್ತರ ಹೆಂಗಸೊಬ್ಬಳನ್ನು ಒಪ್ಪಿಸಿದ್ದಳು. ಅರ್ಜಿಯ ಜೊತೆ ಪ್ರಯೋಗಕ್ಕೆಂದು ತೆಗೆದ ಕೆಲವು ಫೋಟೊಗಳಿದ್ದವು. ಮೇಡಂ ಅವುಗಳಲ್ಲಿ ಒಂದನ್ನು ಆರಿಸಿ ತಮ್ಮ ಟಿಪ್ಪಣಿಗೆ ಪಿನ್ನು ಹಾಕಿದರು. ಹಾಗೆ ಮಾಡಬೇಕೆಂಬ ನಿಯಮವೇನೂ ಇರಲಿಲ್ಲ. ಅದು ಅವರಿಗೆ ಇಷ್ಟವಾಯಿತು, ಅಷ್ಟೇ. ಇಸ್ತ್ರಿಯ ಹೆಂಗಸು ತೋಳಿಲ್ಲದ ಮಲಗುವ ಅಂಗಿಯಲ್ಲಿ ಮಂಚದ ಮೇಲೆ ನಿಂತು, ಮೂಗಿನ ತುದಿಗೆ ಕನ್ನಡಕವಿಟ್ಟು, ಬಾಯಿ ಸ್ವಲ್ಪ ತೆರೆದು ಪುಸ್ತಕ ಓದುತ್ತಿದ್ದಾಳೆ. ಮಂಚದ ಕೆಳಗಿನಿಂದ ಗಂಡನ ಎರಡು ಪಾದ ಮಾತ್ರ ಹೊರಗೆ ಚಾಚಿವೆ. ಮುರಿದ ಕಾಲಿನ ಜಾಗದಲ್ಲಿ ಅವನು ಬೆನ್ನು ಕೊಟ್ಟು ಮಂಚವನ್ನು ಹೊತ್ತಿದ್ದಾನೆ.

ಟಿಪ್ಪಣಿ ಚಿಕ್ಕದಾಗಿತ್ತು. “ಗಂಡ ಹೆಂಡಿರ ನಡುವಿನ ಸಂಕೋಚದ ಕಥೆ. ಓದುವಾಗ ಎರಡು ಸಲ ನಗು ತಡೆಯಲಾಗದೆ ಎದ್ದು ಹೋಗಬೇಕಾಯಿತು. ಅಶ್ಲೀಲವೆನಿಸಲಿಲ್ಲ. ಶಿಫಾರಸು.” ನಾನೇ ಟೈಪ್ ಮಾಡಿದೆ. ಸಮಿತಿ ಸಹಿ ಹಾಕಿತು. ಚಿತ್ರೀಕರಣವೂ ಮುಗಿಯಿತು.

ಗಲಾಟೆ ಎದ್ದದ್ದು ಮುಂದಿನ ವರ್ಷ. ಯಾರೋ ಆ ಕಡತವನ್ನು ಪತ್ರಿಕೆಯೊಂದಕ್ಕೆ ಮುಟ್ಟಿಸಿದ್ದರು. ಒಂದು ಬೆಳಿಗ್ಗೆ ಮುಖಪುಟದಲ್ಲಿ ಆ ಫೋಟೊ ಬಂತು. ಕೆಳಗಿನ ಅರ್ಧ ಕತ್ತರಿಸಿದ್ದರು. ಗಂಡನ ಪಾದಗಳಿಲ್ಲ, ಮುರಿದ ಮಂಚವಿಲ್ಲ, ಪುಸ್ತಕವೂ ಅರ್ಧ ಮಾತ್ರ. ಉಳಿದದ್ದು ಬರಿ ತೋಳು, ಅರೆ ತೆರೆದ ಬಾಯಿ. ಮೇಲೆ ತಲೆಬರಹ: ‘ತೆರಿಗೆ ನಮ್ಮದು, ಮಂಚ ಅವರದು’. ಪಾದಗಳಿದ್ದಾಗ ಅದು ನಗು ತರಿಸುವ ಚಿತ್ರವಾಗಿತ್ತು. ಅವು ಹೋದ ಮೇಲೆ ಬೇರೆ ಏನೋ ಆಯಿತು.

ಆ ವಾರ ಶಾಸನಸಭೆಯಲ್ಲಿ ಒಬ್ಬ ಸದಸ್ಯರು ಮೇಡಂ ಅವರ ಟಿಪ್ಪಣಿಯನ್ನು ಹೆಣ್ಣಿನ ದನಿ ಮಾಡಿ ಓದಿದರು. “ನಗು ತಡೆಯಲಾಗದೆ ಎದ್ದು ಹೋದರಂತೆ. ಎಲ್ಲಿಗೆ ಹೋದರೋ, ಅದನ್ನ ಬರೆದಿಲ್ಲ.” ಇಡೀ ಸಭೆ ನಕ್ಕಿತು. ನಾವು ಕಚೇರಿಯ ಟಿ.ವಿ. ಮುಂದೆ ನಿಂತು ಕೇಳಿದೆವು. ಮೇಡಂ ತಮ್ಮ ಕುರ್ಚಿಯಿಂದ ಏಳಲಿಲ್ಲ. ಕಾಲನ್ನು ಖಾನೆಯ ಮೇಲಿಂದ ಇಳಿಸಿ ಚಪ್ಪಲಿ ಹಾಕಿಕೊಂಡರು.

ಮಾರನೆಯ ದಿನ ಮಂಡಳಿಯ ಕಾರ್ಯದರ್ಶಿಗಳು ಮೇಡಂ ಅವರನ್ನು ಕರೆಸಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಪೈಕಿಯ ಮನುಷ್ಯ. ಬರೆದುಕೊಳ್ಳಲೆಂದು ನನ್ನನ್ನೂ ಒಳಗೆ ಕರೆದಿದ್ದರು.

“ಮೇಡಂ, ನಿಮ್ಮ ಮೇಲೆ ನಂಗೇನೂ ಬೇಜಾರಿಲ್ಲ,” ಎಂದರು. “ಪೂರ್ತಿ ಓದೋಕೆ ಟೈಮ್ ಇರ್ಲಿಲ್ಲ, ಅರ್ಜಿ ಹಾಕಿದೋರು ಕೊಟ್ಟ ಸಾರಾಂಶ ನೋಡಿ ಬರೆದೆ ಅಂತ ಒಂದು ಸಾಲು ಕೊಟ್ಟುಬಿಡಿ. ನಿಮಗೂ ಕ್ಷೇಮ, ಮಂಡಳಿಗೂ ಕ್ಷೇಮ.”

“ನಾನು ಓದಿದೀನಲ್ಲ ಸಾರ್.”

“ಓದಿದೀರಿ ಅಂತ ಗೊತ್ತಿರೋದು ನಿಮಗೆ, ನಂಗೆ. ಟಿಪ್ಪಣೀಲಿ ‘ಓದುವಾಗ’ ಅಂದಿದ್ದು ಸಾರಾಂಶ ಓದುವಾಗ ಅಂತ ಆಗುತ್ತೆ. ನಿವೃತ್ತಿಗೆ ಎರಡು ವರ್ಷ ಇದೆ. ಯೋಚನೆ ಮಾಡಿ.”

ಮೇಡಂ ಯೋಚಿಸಿದ್ದು ಎಷ್ಟು ಹೊತ್ತು ಎಂದು ಈಗಲೂ ನಾನು ಲೆಕ್ಕ ಹಾಕಲಾರೆ. ಕಿಟಕಿಯಾಚೆ ಯಾರೋ ಲಾರಿಯಿಂದ ಕುರ್ಚಿಗಳನ್ನು ಇಳಿಸುತ್ತಿದ್ದರು. ಅಷ್ಟೂ ಕುರ್ಚಿ ಇಳಿಯುವವರೆಗೆ ಅದನ್ನೇ ನೋಡಿದರು. ಆಮೇಲೆ ನನ್ನ ಕಡೆ ನೋಡಿ “ಟೈಪ್ ಮಾಡಮ್ಮಾ” ಎಂದರು. ನಾನು ಮಾಡಿದೆ. ಒಂದು ಅಕ್ಷರವೂ ತಪ್ಪಲಿಲ್ಲ. ಅದನ್ನು ನಾನು ಇಲ್ಲಿ ಹೇಳಬೇಕು.

ಆ ಒಂದು ಸಾಲು ಏನು ಮಾಡೀತೆಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಓದುವವರು ಪೂರ್ತಿ ಓದಿಲ್ಲ ಎಂದಾದರೆ, ಸಾರಾಂಶ ಬರೆದವಳು ವಿಷಯ ಮುಚ್ಚಿಟ್ಟಳು ಎಂದಾಯಿತು. ನಿರ್ದೇಶಕಿಯ ಮೇಲೆ ಮೋಸದ ಆರೋಪ ಬಂತು. ಸಹಾಯ ರದ್ದಾಯಿತು, ಸಂಕಲನ ನಡೆಯುತ್ತಿದ್ದ ಚಿತ್ರದ ಪ್ರತಿಗಳನ್ನು ತಂದು ನಮ್ಮ ದಾಖಲೆ ಕೋಣೆಯ ಕಪಾಟಿನಲ್ಲಿ ಬೀಗ ಹಾಕಿಟ್ಟರು. ಇಸ್ತ್ರಿಯ ಹೆಂಗಸನ್ನು ಹೋಟೆಲಿನವರು ಕೆಲಸದಿಂದ ತೆಗೆದರು. ಅತಿಥಿಗಳು ಗುರುತು ಹಿಡಿಯುತ್ತಿದ್ದಾರೆ ಎಂಬುದು ಅವರು ಕೊಟ್ಟ ಕಾರಣ. ಇಡೀ ಚಿತ್ರದಲ್ಲಿ ಜನ ನೋಡಿದ್ದು ಆ ಕತ್ತರಿಸಿದ ಫೋಟೊ ಒಂದನ್ನೇ. ಅದನ್ನು ಆರಿಸಿ ಪಿನ್ನು ಹಾಕಿದ್ದು ಮೇಡಂ.

ಅದಾದ ಎರಡು ತಿಂಗಳಿಗೆ ಮೇಡಂ ಒಂದು ಮಧ್ಯಾಹ್ನ ದಾಖಲೆ ಕೋಣೆಯಿಂದ ಬರಿಗೈಯಲ್ಲಿ ಬಂದರು. ಯಾವುದೋ ಹಳೆಯ ಕಡತ ತರಲು ಹೋಗಿದ್ದವರು.

“ಒಳಗೆ ಯಾರಾದರೂ ಇಸ್ತ್ರಿ ಮಾಡ್ತಿದಾರಾ?” ಎಂದು ಕೇಳಿದರು.

“ದಾಖಲೆ ಕೋಣೇಲಾ?”

“ಒದ್ದೆ ಬಟ್ಟೆ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟರೆ ಬರುತ್ತಲ್ಲ, ಆ ಸದ್ದು.”

ನಾನು ಹೋಗಿ ನೋಡಿದೆ. ಕಪಾಟುಗಳು, ಧೂಳು, ಉರಿಯದ ಒಂದು ಟ್ಯೂಬ್‌ಲೈಟ್. ಸದ್ದಿರಲಿಲ್ಲ. ವಾಪಸು ಬಂದು ಪೈಪ್ ಸೋರುತ್ತಿರಬೇಕು ಎಂದೆ. ಸರಿ ಎಂದರು. ಅಂದಿನಿಂದ ಆ ಕೋಣೆಯಿಂದ ಏನು ಬೇಕಿದ್ದರೂ ನನ್ನನ್ನೇ ಕಳಿಸುತ್ತಿದ್ದರು.

ಮೇಡಂ ಇದ್ದದ್ದು ಎರಡನೆಯ ಮಹಡಿಯ ಎರಡು ಕೋಣೆಯ ಮನೆಯಲ್ಲಿ, ಅವರ ಅಕ್ಕನ ಜೊತೆ. ಅಕ್ಕನಿಗೆ ಎಡಗಿವಿ ಕೇಳುತ್ತಿರಲಿಲ್ಲ. ಬೇಡದ ಮಾತು ಬಂದರೆ ಬಲಗಿವಿಯೂ ಕೇಳುತ್ತಿರಲಿಲ್ಲ. ಭಾನುವಾರ ನಾನು ಹೋಗುತ್ತಿದ್ದೆ. ಒಂದು ಭಾನುವಾರ ಹೋದಾಗ ಇಬ್ಬರು ಕೂಲಿಯವರು ಮೇಡಂ ಅವರ ಮಂಚವನ್ನು ಮೆಟ್ಟಿಲಲ್ಲಿ ಅಡ್ಡಡ್ಡ ಹಿಡಿದು ಇಳಿಸುತ್ತಿದ್ದರು. ಅಕ್ಕ ಮೇಲಿನಿಂದ “ಗೋಡೆ ಕೆರೀಬೇಡ್ರಪ್ಪಾ” ಎಂದು ಕೂಗುತ್ತಿದ್ದರು.

“ಯಾಕೆ ದೊಡ್ಡಮ್ಮಾ?” ಎಂದೆ.

“ನಿಮ್ಮ ಮೇಡಂನೇ ಕೇಳು.”

ಮೇಡಂ ಅಡುಗೆಮನೆಯಲ್ಲಿ ಚಹಾಕ್ಕೆ ನೀರಿಟ್ಟು, ಬೆನ್ನು ತಿರುಗಿಸಿಕೊಂಡೇ ಹೇಳಿದರು. “ಬೆಳಿಗ್ಗೆ ಸ್ನಾನ ಮಾಡಿ ಕೋಣೆಗೆ ಬಂದ್ರೆ ಮಂಚದ ಮೇಲೆ ನಿಂತಿರ್ತಾಳೆ ಕಣೇ. ಅದೇ ಅಂಗಿ. ಏನೂ ಮಾಡಲ್ಲ. ಓದ್ತಿರ್ತಾಳೆ. ತಲೆ ಎತ್ತಿದ್ರೆ ಏನಾದ್ರೂ ಹೇಳ್ಬಹುದಿತ್ತು. ಎತ್ತಲ್ಲ.”

ಅಕ್ಕ ಬಾಗಿಲಲ್ಲಿ ನಿಂತು, “ದೆವ್ವ ಆಗೋಕೆ ಮೊದಲು ಸಾಯಬೇಕು. ಆ ಹೆಂಗಸು ಗುಂಡುಕಲ್ಲಿನ ಹಾಗೆ ಬದುಕಿದಾಳೆ,” ಎಂದರು.

“ಅದೇ ನಂಗೂ ಅರ್ಥ ಆಗಲ್ಲ,” ಎಂದರು ಮೇಡಂ.

“ಮಂಚ ಹೋಯ್ತಲ್ಲ, ಇನ್ನು ಎಲ್ಲಿ ನಿಲ್ತಾಳೋ ನೋಡೋಣ.”

ಮುಂದಿನ ವಾರ ಕಚೇರಿಯಲ್ಲಿ ಊಟದ ಡಬ್ಬಿ ತೆರೆಯುತ್ತ ನಾನೇ ಕೇಳಿದೆ, ಈಗ ಸರಿಹೋಯಿತಾ ಎಂದು. ಮೇಡಂ ತೆರೆದ ಡಬ್ಬಿಯನ್ನು ಮತ್ತೆ ಮುಚ್ಚಿದರು.

“ಮಂಚ ಇಲ್ಲ. ಆದ್ರೆ ಅವಳು ಅದೇ ಎತ್ತರದಲ್ಲೇ ನಿಂತಿದಾಳೆ,” ಎಂದರು. “ಕಾಲ ಕೆಳಗೆ ಏನೂ ಇಲ್ಲ.”

ಅವರನ್ನು ವೈದ್ಯರಿಗೂ ತೋರಿಸಿದೆವು. ನಿದ್ದೆಗೆ ಮಾತ್ರೆ ಕೊಟ್ಟರು. ನಿದ್ದೆ ಬಂತು. ಕಾಣುತ್ತಿದ್ದದ್ದು ಹಗಲಿನಲ್ಲಿ, ಎಚ್ಚರದಲ್ಲಿ. ಅದಕ್ಕೆ ಮಾತ್ರೆ ಇರಲಿಲ್ಲ. ಬಸ್ಸಿನಲ್ಲಿ ಮುಂದಿನ ಸೀಟಿನವಳ ಕುತ್ತಿಗೆ ನೋಡಿ, ಅವಳೇ ಎಂದು ಅವಳ ಹಿಂದೆಯೇ ಇಳಿದು, ಗುರುತಿಲ್ಲದ ಬೀದಿಯಲ್ಲಿ ನಿಂತು ನನಗೆ ಫೋನ್ ಮಾಡಿದ್ದುಂಟು. ಹಾಸ್ಯದ ಅರ್ಜಿಗಳನ್ನು ಬೇರೆಯವರ ಮೇಜಿಗೆ ದಾಟಿಸತೊಡಗಿದರು. “ಎಲ್ಲಿ ನಗಬೇಕು ಅಂತ ಗೊತ್ತಾಗುತ್ತೆ, ನಗು ಬರಲ್ಲ. ಉಪ್ಪು ಹಾಕಿದೀನಿ ಅಂತ ಗೊತ್ತು, ನಾಲಿಗೆಗೆ ಮಾತ್ರ ಸಪ್ಪೆ,” ಎನ್ನುತ್ತಿದ್ದರು.

ಒಂದೂವರೆ ವರ್ಷ ಹೀಗೇ ಕಳೆಯಿತು. ಕೊನೆಗೆ ಅಕ್ಕನೇ ಹೇಳಿದರಂತೆ: “ಕಾಣಿಸ್ಕೊಳ್ಳೋಳ ಹತ್ರ ಮಾತಾಡೋಕಾಗಲ್ಲ ಅಂದ್ರೆ ಇರೋಳ ಹತ್ರ ಹೋಗಿ ಮಾತಾಡು. ಬಸ್ಸು ಓಡಾಡ್ತಿದೆ, ಕಾಲು ಗಟ್ಟಿ ಇದೆ. ಇನ್ನೇನು ಬೇಕು?”

ವಿಳಾಸಕ್ಕಾಗಿ ನಿರ್ದೇಶಕಿಗೆ ಫೋನ್ ಮಾಡಿದೆವು. “ಓದೇ ಇಲ್ಲ ಅಂದೋರು ನೀವೇ ಅಲ್ವಾ?” ಎಂದಳು. ಮೇಡಂ “ಹೌದು” ಎಂದರು. ಫೋನ್ ಇಟ್ಟುಬಿಡುತ್ತಾಳೆ ಎಂದುಕೊಂಡೆವು. ಆಮೇಲೆ ವಿಳಾಸ ಹೇಳಿದಳು, ಎರಡು ಸಲ, ನಿಧಾನವಾಗಿ.

ಬಸ್ ಡಿಪೋದ ಹಿಂದಿನ ಓಣಿ. ನೆಲಮಹಡಿಯ ಒಂದು ಕೋಣೆಯನ್ನೇ ಅಂಗಡಿ ಮಾಡಿಕೊಂಡಿದ್ದಳು. ಬಾಗಿಲಿಗೆ ಅಡ್ಡ ಒಂದು ಉದ್ದನೆಯ ಮೇಜು, ಅದರ ಮೇಲೆ ನಾಲ್ಕು ಮಡಿಕೆಯ ಕಂಬಳಿ, ಬಿಳಿ ಬಟ್ಟೆ, ಮೂಲೆಯಲ್ಲಿ ನೀರು ಚಿಮುಕಿಸುವ ಬಾಟಲಿ. ಹಿಂದೆ ಗೋಡೆಯುದ್ದಕ್ಕೂ ಡಿಪೋದವರ ಖಾಕಿ ಅಂಗಿಗಳು ನೇತುಬಿದ್ದಿದ್ದವು. ಆ ಹೆಂಗಸು ಒಂದು ಅಂಗಿಯ ಕೊರಳುಪಟ್ಟಿಯ ಮೇಲೆ ಬಾಗಿದ್ದಳು. ನಾವು ಮೇಜಿನ ಮುಂದೆ ನಿಂತರೂ ತಲೆ ಎತ್ತಲಿಲ್ಲ. ಮೇಡಂ ನನ್ನ ಮುಂಗೈ ಹಿಡಿದುಕೊಂಡರು. ಇಸ್ತ್ರಿಪೆಟ್ಟಿಗೆ ಒದ್ದೆ ಬಟ್ಟೆಯ ಮೇಲೆ ಸುಯ್ ಎನ್ನುತ್ತಿತ್ತು.

“ಇಟ್ಟು ಹೋಗಿ. ಸಂಜೆ ಕೊಡ್ತೀನಿ,” ಎಂದಳು.

“ಬಟ್ಟೆ ತಂದಿಲ್ಲಮ್ಮಾ,” ಎಂದರು ಮೇಡಂ.

ಆಗ ತಲೆ ಎತ್ತಿದಳು. ಸಾಮಾನ್ಯ ಮುಖ. ಫೋಟೊದಲ್ಲಿದ್ದದ್ದಕ್ಕಿಂತ ತೆಳ್ಳಗಾಗಿದ್ದಳು. ಮೇಡಂ ಎಲ್ಲವನ್ನೂ ಹೇಳಿದರು, ಫೋಟೊ ಆರಿಸಿದ್ದು, ಪಿನ್ನು ಹಾಕಿದ್ದು, ಆಮೇಲಿನ ಸುಳ್ಳು. ಮನೆಯಲ್ಲಿ ಕಾಣಿಸುವುದನ್ನು ಮಾತ್ರ ಹೇಳಲಿಲ್ಲ. ಅವಳು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟು ಕೇಳಿಸಿಕೊಂಡಳು.

“ನೀವ್ಯಾರು ಅಂತಾನೇ ನಂಗೆ ಗೊತ್ತಿರ್ಲಿಲ್ಲ,” ಎಂದಳು. “ಪೇಪರ್‌ನೋರನ್ನ ಬೈದೆ, ಹೋಟೆಲ್‌ನೋರನ್ನ ಬೈದೆ, ಆ ಹುಡುಗೀನೂ ಬೈದೆ. ನಿಮ್ಮನ್ನ ಒಂದಿನಾನೂ ಬೈದಿಲ್ಲ.”

ಅದನ್ನು ಕೇಳಿ ಮೇಡಂ ಮುಖ ಕಳೆಗುಂದಿದ್ದನ್ನು ನಾನು ನೋಡಿದೆ. ಬೈಗುಳವನ್ನಾದರೂ ಅವರು ನಿರೀಕ್ಷಿಸಿದ್ದರು.

“ಕೆಲಸ ಹೋಯ್ತು. ಹೋಗ್ಲಿ, ಕೈ ಇದೆ. ನನ್ನ ಮಗಳು ಆರು ತಿಂಗಳು ಮಾತಾಡ್ಲಿಲ್ಲ. ಈಗಲೂ ಊಟಕ್ಕೆ ಬಾ, ಕರೆಂಟ್ ಬಿಲ್ ಬಂತು, ಅಷ್ಟೇ ಮಾತು. ಅವಳಿಗೆ ಏನು ಹೇಳ್ಲಿ? ಪೂರ್ತಿ ನೋಡು, ಆಮೇಲೆ ಬೈ ಅನ್ನೋಣ ಅಂದ್ರೆ ಪೂರ್ತಿ ಎಲ್ಲಿದೆ? ನಾನೇ ನೋಡಿಲ್ಲ.” ಅವಳು ಅಂಗಿಯನ್ನು ತಿರುವಿ ಹಾಕಿದಳು. “ನೀವು ಓದಿದ್ರಾ? ಪೂರ್ತಿ?”

“ಎರಡು ಸಲ.”

“ನಕ್ಕಿದ್ದು ನಿಜಾನಾ?”

“ನಿಜ. ಬಡಗಿ ಪುಸ್ತಕ ಎರವಲು ಕೇಳೋ ಕಡೆ.”

ಅವಳ ಬಾಯಿಯ ಒಂದು ತುದಿ ಸ್ವಲ್ಪ ಅಲುಗಿತು. “ಅವತ್ತು ಶೂಟಿಂಗ್‌ನಲ್ಲಿ ನಂಗೂ ತಡೆಯೋಕಾಗ್ಲಿಲ್ಲ. ಏಳು ಸಲ ತೆಗೆದ್ರು,” ಎಂದಳು. ಮತ್ತೆ ಮುಖ ಮೊದಲಿನಂತಾಯಿತು. “ಅದನ್ನ ನಂಗೆ ಬಂದು ಹೇಳಿದ್ರೆ ಏನು ಬಂತು ಮೇಡಂ? ಎಲ್ಲಿ ಓದಿಲ್ಲ ಅಂತ ಬರೆದ್ರೋ ಅಲ್ಲೇ ಓದಿದೀನಿ ಅಂತ ಬರೀರಿ. ಇನ್ನೊಂದ್ಸಲ ಇಲ್ಲಿಗೆ ಬರ್ಬೇಡಿ. ನಂಗೆ ಆ ವಿಷಯ ಎತ್ತೋರನ್ನ ನೋಡಿದ್ರೆ ಸಂಕಟ ಆಗುತ್ತೆ.”

ಮರುದಿನ ನಾನು ಯಂತ್ರಕ್ಕೆ ಕಾಗದ ಸಿಕ್ಕಿಸುತ್ತಿದ್ದಂತೆ ಮೇಡಂ ತಡೆದರು. “ಇದಕ್ಕೆ ನೀನು ಬೇಡ. ನಿನ್ನ ನೌಕರಿ ಇನ್ನೂ ಉದ್ದ ಇದೆ.” ಕೈಯಲ್ಲೇ ಬರೆದರು, ಮೂರು ಪ್ರತಿ. ಒಂದು ಕಾರ್ಯದರ್ಶಿಗಳಿಗೆ, ಒಂದು ಸಮಿತಿಗೆ, ಒಂದು ಅದೇ ಪತ್ರಿಕೆಗೆ. ಚಿತ್ರಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದ್ದೇನೆ, ಅರ್ಜಿದಾರಳು ಏನನ್ನೂ ಮುಚ್ಚಿಟ್ಟಿರಲಿಲ್ಲ, ಹಿಂದೆ ಕೊಟ್ಟ ಹೇಳಿಕೆ ಸುಳ್ಳು, ಅದು ಸುಳ್ಳೆಂದು ತಿಳಿದೇ ಸಹಿ ಹಾಕಿದ್ದೆ. ಕಾರ್ಯದರ್ಶಿಗಳ ಹೆಸರನ್ನಾಗಲಿ ನನ್ನ ಹೆಸರನ್ನಾಗಲಿ ಎಲ್ಲೂ ಎತ್ತಲಿಲ್ಲ.

ಪತ್ರಿಕೆ ಅದನ್ನು ಒಳಪುಟದ ಮೂಲೆಯಲ್ಲಿ, ಹವಾಮಾನದ ಕೆಳಗೆ ಹಾಕಿತು. ಮಂಡಳಿ ಅವರನ್ನು ಅಮಾನತು ಮಾಡಿತು. ನಿವೃತ್ತಿಗೆ ಮೂರು ತಿಂಗಳು ಉಳಿದಿತ್ತು. ಬೀಳ್ಕೊಡುಗೆ ನಡೆಯಲಿಲ್ಲ, ಒಂದು ಶುಕ್ರವಾರ ಮಧ್ಯಾಹ್ನ ಖಾನೆಯಲ್ಲಿದ್ದ ಕನ್ನಡಕ, ಸ್ವೆಟರು, ಎರಡು ಪೆನ್ಸಿಲ್ಲು ಚೀಲಕ್ಕೆ ಹಾಕಿಕೊಂಡು ಹೋದರು. ವಿಚಾರಣೆಯಲ್ಲಿ ನನ್ನನ್ನು ಕೇಳಿದರು, ಮೊದಲ ಹೇಳಿಕೆ ಬರೆಸಿದವರು ಯಾರು ಎಂದು. ನಾನು ಕಾರ್ಯದರ್ಶಿಗಳ ಮುಖ ನೋಡಿದೆ. “ಮೇಡಂ ಹೇಳಿದ್ರು, ನಾನು ಟೈಪ್ ಮಾಡಿದೆ,” ಎಂದೆ. ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಆ ಮಾತು ನನ್ನನ್ನು ಬಿಟ್ಟಿಲ್ಲ.

ಆದರೆ ಮೇಡಂ ಬರೆದ ಪತ್ರದಿಂದ ಮೋಸದ ಆರೋಪ ಬಿದ್ದುಹೋಯಿತು. ನಿರ್ದೇಶಕಿ ಪ್ರತಿಗಳನ್ನು ವಾಪಸು ಪಡೆದು, ಸಾಲಸೋಲ ಮಾಡಿ ಚಿತ್ರವನ್ನು ಮುಗಿಸಿದಳು. ಯಾವ ಚಿತ್ರಮಂದಿರವೂ ತೆಗೆದುಕೊಳ್ಳಲಿಲ್ಲ. ಕೊನೆಗೆ ಒಂದು ಗ್ರಂಥಾಲಯದ ಮೇಲಿನ ಸಭಾಂಗಣದಲ್ಲಿ, ಶನಿವಾರ ಬೆಳಿಗ್ಗೆ ಹತ್ತೂವರೆಗೆ, ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ ತೋರಿಸಿದರು. ಐವತ್ತು ಜನ ಇದ್ದಿರಬಹುದು. ಇಸ್ತ್ರಿಯ ಹೆಂಗಸು ಬಂದಿರಲಿಲ್ಲ. ಕೊನೆಯ ಸಾಲಿನ ತುದಿಯಲ್ಲಿ, ಬಾಗಿಲ ಪಕ್ಕ, ಅವಳ ದವಡೆ ಹಣೆಗಳನ್ನೇ ಹೊತ್ತ ಯುವತಿಯೊಬ್ಬಳು ಮಡಿಲಲ್ಲಿ ಚೀಲ ಹಿಡಿದು, ಎದ್ದು ಹೋಗಲು ಸಿದ್ಧಳಾದಂತೆ ಕೂತಿದ್ದಳು.

ಜನ ನಕ್ಕರು. ಮೊದಲು ಅಲ್ಲೊಬ್ಬರು ಇಲ್ಲೊಬ್ಬರು, ಆಮೇಲೆ ಒಟ್ಟಿಗೆ. ಬಡಗಿ ಪುಸ್ತಕ ಎರವಲು ಕೇಳಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿ ಮೇಡಂ ಕೈಕಟ್ಟಿ ಕೂತಿದ್ದರು. ಅವರು ಪರದೆಯನ್ನು ನೋಡುತ್ತಿರಲಿಲ್ಲ. ತಿರುಗಿ ಆ ಯುವತಿಯನ್ನು ನೋಡುತ್ತಿದ್ದರು. ಅವಳು ನಗಲಿಲ್ಲ. ಆದರೆ ಕೊನೆಯವರೆಗೂ ಎದ್ದು ಹೋಗಲಿಲ್ಲ.

ಮೆಟ್ಟಿಲು ಇಳಿಯುವಾಗ ಅವಳೇ ಹತ್ತಿರ ಬಂದಳು. “ನನ್ನನ್ನೇ ನೋಡ್ತಿದ್ರಲ್ಲ. ಅಮ್ಮನ ಪರಿಚಯದೋರಾ?”

“ಅವರಿಗೆ ನನ್ನ ಪರಿಚಯ ಅಷ್ಟಿಲ್ಲ,” ಎಂದರು ಮೇಡಂ. “ನನಗೆ ಅವರು ಚೆನ್ನಾಗಿ ಗೊತ್ತು.”

“ಅಮ್ಮ ಬರಲ್ಲ ಅಂದ್ಲು. ನೀನೇ ನೋಡಿ ಬಂದು ಹೇಗಿದೆ ಹೇಳು ಅಂದ್ಲು.”

“ಏನು ಹೇಳ್ತೀಯಮ್ಮಾ?”

ಹುಡುಗಿ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. “ಹೇಗೆ ಶುರು ಮಾಡೋದು ಅಂತಾನೇ ಯೋಚಿಸ್ತಿದೀನಿ,” ಎಂದು ಬಸ್ ನಿಲ್ದಾಣದ ಕಡೆ ನಡೆದಳು.

ಇದೆಲ್ಲ ಆಗಿ ನಾಲ್ಕು ವರ್ಷವಾಯಿತು. ಮೇಡಂ ಈಗಲೂ ಅದೇ ಮನೆಯಲ್ಲಿ, ಅಕ್ಕನ ಜೊತೆಯೇ ಇದ್ದಾರೆ. ಒಳಕೋಣೆಯ ಬಾಗಿಲು ಮುಚ್ಚಿರುತ್ತದೆ. ಬಟ್ಟೆಬರೆಯನ್ನೆಲ್ಲ ಹಜಾರಕ್ಕೆ ತಂದುಕೊಂಡಿದ್ದಾರೆ, ಇಬ್ಬರೂ ಅಲ್ಲೇ ಮಲಗುತ್ತಾರೆ. ಹೋದಳಾ ಎಂದು ನಾನೊಮ್ಮೆ ಕೇಳಿದ್ದೆ. “ಹೋಗು ಅಂದ್ರೆ ಹೋಗೋಕೆ ಅವಳು ನಾನು ಕರೆದು ಬಂದೋಳಲ್ಲ,” ಎಂದರು. ದನಿಯಲ್ಲಿ ಹೆದರಿಕೆ ಇರಲಿಲ್ಲ. ಬಾಡಿಗೆದಾರರ ವಿಷಯ ಹೇಳಿದ ಹಾಗಿತ್ತು.

ನಾಟಕ ಬರೆಯುವ, ಸಿನಿಮಾ ಬರೆಯುವ ಹುಡುಗ ಹುಡುಗಿಯರು ಯಾರೋ ಹೇಳಿ ಕಳಿಸಿ ಅವರ ಮನೆ ಬಾಗಿಲಿಗೆ ಬರುತ್ತಾರೆ. ಮೇಡಂ ಯಾರಿಗೂ ಇಲ್ಲ ಎನ್ನುವುದಿಲ್ಲ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಅಕ್ಕನ ಬಲಗಿವಿಯ ಬಳಿ ಕೂತು ಗಟ್ಟಿಯಾಗಿ ಓದುತ್ತಾರೆ. ತಮಗೆ ನಗು ಬರುವುದಿಲ್ಲವಾದ್ದರಿಂದ, ಅಕ್ಕ ಎಲ್ಲೆಲ್ಲಿ ನಕ್ಕರೆಂದು ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆಯುತ್ತಾರೆ. ಕಳೆದ ಭಾನುವಾರ ನಾನು ಹೋದಾಗ ಒಬ್ಬ ಹುಡುಗನ ನಾಟಕದ ಅರವತ್ತನೆಯ ಪುಟದಲ್ಲಿದ್ದರು. ಗೆರೆಗಳು ಕಡಿಮೆಯಿದ್ದವು. “ಇವನು ಇನ್ನೂ ಚಿಕ್ಕವನು,” ಎಂದರು ಮೇಡಂ, ಪುಟ ತಿರುವುತ್ತ. “ಪೂರ್ತಿ ಓದ್ತೀನಿ.”